ಹದಿನೇಳರಿಂದ ಹದಿನಾಲ್ಕೂವರೆಗೆ: ಮಂಡ್ಯದ ಒಂದು ಕಾರಿನ ಮೈಲೇಜ್ ಲೆಕ್ಕ

ಕಾರು 2016ರದು. 1.2 ಲೀಟರ್ ಪೆಟ್ರೋಲ್ ಎಂಜಿನ್, ಐದು ಗೇರಿನ ಸಾದಾ ಹ್ಯಾಚ್‌ಬ್ಯಾಕ್, ಬಿಎಸ್4 ಎಂಬ ಹಿಂದಿನ ಹೊಗೆ ನಿಯಮದ ಕಾಲದ್ದು. ಮಾಲೀಕರು ನನ್ನ ಸೋದರಮಾವ. ಮಂಡ್ಯದ ಹತ್ತಿರ ಕಬ್ಬು, ಭತ್ತದ ಜಮೀನಿದೆ. ಮಗಳು ಬೆಂಗಳೂರಿನಲ್ಲಿರುವುದರಿಂದ ತಿಂಗಳಿಗೆ ಕೆಲವು ಸಲವಾದರೂ ಅಲ್ಲಿಗೆ ಹೋಗಿಬರುತ್ತಾರೆ. ಉಳಿದದ್ದು ಊರು, ಮಂಡ್ಯ ಪೇಟೆ, ಸಕ್ಕರೆ ಕಾರ್ಖಾನೆ, ಮದುವೆ ಮನೆಗಳ ಓಡಾಟ. ಅವರ ದೂರು ಒಂದೇ: ಬೆಂಗಳೂರಿಗೆ ಹೋಗಿಬಂದರೆ ಲೀಟರಿಗೆ 17 ಕಿಲೋಮೀಟರ್ ಕೊಡುತ್ತಿದ್ದ ಕಾರು ಈಗ 14.5 ದಾಟುತ್ತಿಲ್ಲ.

“ಎಥನಾಲ್ ಬೆರ್ಸಿ ಬೆರ್ಸಿ ಪೆಟ್ರೋಲ್‌ನ ನೀರು ಮಾಡವ್ರೆ ಕಣ್ಲಾ. ಇನ್ನೆಲ್ಲಿಂದ ಬಂದಾದು ಮೈಲೇಜು?” ಎಂದರು ಮಾವ. ಎಥನಾಲ್ ಎಂದರೆ ಕಬ್ಬು, ಧಾನ್ಯಗಳಿಂದ ತೆಗೆದು ಪೆಟ್ರೋಲಿಗೆ ಬೆರೆಸುವ ಆಲ್ಕೊಹಾಲ್.

ಅಷ್ಟರಲ್ಲಿ ಅವರಿಗೆ ಮೂರು ಸಲಹೆಗಳು ಸಿಕ್ಕಿದ್ದವು. ಬಂಕಿನ ಹುಡುಗ ಪ್ರೀಮಿಯಂ ಪೆಟ್ರೋಲ್ ಹಾಕಿಸಿ ಎಂದಿದ್ದ. ಗ್ಯಾರೇಜಿನವರು ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕ್ಲೀನ್ ಮಾಡಿಸಿ ಎಂದಿದ್ದರು. ಪಕ್ಕದ ಮನೆಯವರು ಈ ಕಾರು ಕೊಟ್ಟು ಸಿಎನ್‌ಜಿ ತಗೊಳ್ಳಿ ಎಂದಿದ್ದರು. ನಾನು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಪಾಠ ಮಾಡುವವನು. ಒಂದು ರೂಪಾಯಿಯನ್ನೂ ಖರ್ಚು ಮಾಡುವ ಮೊದಲು ಅಳೆದು ನೋಡೋಣ, ಎರಡೂವರೆ ಕಿಲೋಮೀಟರ್ ಎಲ್ಲೆಲ್ಲಿ ಸೋರಿದೆಯೋ ಗೊತ್ತಾಗಲಿ ಎಂದೆ. ಮಾವ ಒಪ್ಪಿದರು. ಎಥನಾಲ್ ಮೈಲೇಜ್ ತಿನ್ನುವುದೇ ಇಲ್ಲ ಎನ್ನುವವರೂ, ಎಲ್ಲವನ್ನೂ ಎಥನಾಲೇ ತಿಂದಿತು ಎನ್ನುವವರೂ ಇಬ್ಬರೂ ಜೋರಾಗಿ ಮಾತಾಡುತ್ತಿರುವ ಕಾಲವಿದು. ಹೀಗಿರುವಾಗ ಒಂದೇ ಒಂದು ಕಾರಿನ ಲೆಕ್ಕವನ್ನು ಪೂರ್ತಿ ಬಿಡಿಸಿಡುವುದು ಉಪಯೋಗಕ್ಕೆ ಬಂದೀತು.

ಆ 17 ಎಲ್ಲಿಂದ ಬಂತು

ಮೈಲೇಜ್ ದೂರು ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ಬಹಳ ಜನರ ಹಳೆಯ ಸಂಖ್ಯೆ ನೆನಪಿನದಾಗಿರುತ್ತದೆ, ಇಲ್ಲವೇ ಶೋರೂಮಿನಲ್ಲಿ ಕೇಳಿದ್ದಾಗಿರುತ್ತದೆ. ಮಾವನ ವಿಷಯದಲ್ಲಿ ಹಾಗಿರಲಿಲ್ಲ. ಟ್ರ್ಯಾಕ್ಟರ್ ಡೀಸೆಲ್ ಲೆಕ್ಕ ಬರೆದು ರೂಢಿಯಿದ್ದವರು ಕಾರಿಗೂ ಒಂದು ಪಾಕೆಟ್ ಪುಸ್ತಕ ಇಟ್ಟಿದ್ದರು. ತಾರೀಕು, ಓಡೊಮೀಟರ್, ಲೀಟರ್, ರೂಪಾಯಿ, ನಾಲ್ಕು ಕಾಲಂ. 2017, 2018, 2019ರ ಪುಟಗಳಲ್ಲಿ ಪ್ರತಿ ಸಲವೂ ಫುಲ್ ಟ್ಯಾಂಕ್. ಬೆಂಗಳೂರಿನ ಓಡಾಟವೇ ಹೆಚ್ಚಿರುವ ಪುಟಗಳನ್ನು ಕೂಡಿಸಿ ಭಾಗಿಸಿದರೆ 17ರ ಆಸುಪಾಸೇ ಬರುತ್ತದೆ. ಅದು ನಂಬಬಹುದಾದ ಸಂಖ್ಯೆ.

ಹೊಸ ಪುಟಗಳಲ್ಲಿ ಮಾತ್ರ ಚಿತ್ರ ಬದಲಾಗಿತ್ತು. ಫುಲ್ ಟ್ಯಾಂಕಿನ ಬದಲು ಪ್ರತಿ ಸಾಲಿನಲ್ಲೂ “2000”. ದರ ಏರಿದ ಮೇಲೆ ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ, ಕೈಗೆ ಬಂದ ನಾಲ್ಕು ನೋಟು ಕೊಟ್ಟು ಹಾಕಿಸುವುದು. ಹೀಗೆ ಹಾಕಿಸಿದರೆ ಟ್ಯಾಂಕಿನಲ್ಲಿ ಹಿಂದಿನದು ಎಷ್ಟು ಉಳಿದಿತ್ತು ಎಂಬುದು ತಿಳಿಯುವುದಿಲ್ಲ, ಆದ್ದರಿಂದ ಮೈಲೇಜ್ ಲೆಕ್ಕ ಕೂಡುವುದಿಲ್ಲ. ಇನ್ನೊಂದು ತೊಡಕೂ ಇದೆ. ಲೀಟರಿಗೆ 75 ರೂಪಾಯಿ ಇದ್ದಾಗ ಎರಡು ಸಾವಿರಕ್ಕೆ 26 ಲೀಟರಿಗಿಂತ ಹೆಚ್ಚು ಬರುತ್ತಿತ್ತು. 103 ರೂಪಾಯಿಗೆ 19.4 ಲೀಟರ್ ಬರುತ್ತದೆ. “ಎರಡು ಸಾವಿರ ಹಾಕಿಸಿದ್ರೆ ಮೊದಲಿನಷ್ಟು ದಿನ ಬರಲ್ಲ” ಎಂಬ ಅನುಭವದಲ್ಲಿ ದೊಡ್ಡ ಪಾಲು ದರದ್ದು. ಎಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಮನೆಯ ಜೇಬಿಗೆ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ಮೊದಲು ಇವೆರಡನ್ನೂ ಬೇರ್ಪಡಿಸಬೇಕು.

ಅಳತೆಯ ಕ್ರಮ ಹೀಗಿತ್ತು. ಒಂದೇ ಬಂಕು, ಒಂದೇ ನಾಝಲ್, ಬೆಳಗಿನ ತಂಪು ಹೊತ್ತು. ಟ್ಯಾಂಕ್ ತುಂಬಿ ನಾಝಲ್ ತಾನಾಗಿ ನಿಲ್ಲುವ ಮೊದಲ ಆಟೊ ಕಟ್‌ಗೇ ನಿಲ್ಲಿಸುವುದು, ಹುಡುಗ ಪ್ರೀತಿಯಿಂದ “ರೌಂಡ್ ಫಿಗರ್ ಮಾಡ್ಲಾ ಸಾರ್” ಎಂದರೂ ಬೇಡ ಎನ್ನುವುದು. ಟ್ರಿಪ್ ಮೀಟರ್ ಸೊನ್ನೆ ಮಾಡುವುದು. ಎಸಿ ಯಾವಾಗಲೂ ಒಂದೇ ಮಟ್ಟದಲ್ಲಿ. ಬೆಂಗಳೂರಿಗೆ ಒಂದು ಸಲ ಹೋಗಿಬಂದರೆ ಸುಮಾರು 200 ಕಿಲೋಮೀಟರ್, ಹನ್ನೆರಡು ಹದಿಮೂರು ಲೀಟರ್. ಆಟೊ ಕಟ್ ಅರ್ಧ ಲೀಟರ್ ಆಚೀಚೆ ಆದರೆ ಇಷ್ಟು ಸಣ್ಣ ಅಳತೆಯಲ್ಲಿ 4 ಶೇಕಡಾ ತಪ್ಪು ಬಂದುಬಿಡುತ್ತದೆ. ಅದಕ್ಕೆ ಟ್ಯಾಂಕು ಬಹುಮಟ್ಟಿಗೆ ಖಾಲಿಯಾಗುವವರೆಗೆ ಓಡಿಸಿಯೇ ತುಂಬಿಸಿದ್ದು, ಪ್ರತಿ ಬಗೆಯ ಓಟಕ್ಕೂ ಹಲವು ಟ್ಯಾಂಕುಗಳ ಸರಾಸರಿ ತೆಗೆದದ್ದು.

ಇಷ್ಟೆಲ್ಲ ಮಾಡಿದರೂ ಮಿತಿಯಿದೆ. ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಹೆಚ್ಚುಕಡಿಮೆ 1 ಶೇಕಡಾ ಹಿಗ್ಗುತ್ತದೆ. ಬಂಕಿನ ಐದು ಲೀಟರ್ ಅಳತೆ ಪಾತ್ರೆಯಲ್ಲಿ 25 ಮಿಲಿಲೀಟರ್ ವ್ಯತ್ಯಾಸಕ್ಕೆ ಕಾನೂನೇ ಅವಕಾಶ ಕೊಟ್ಟಿದೆ. ಆ ಪಾತ್ರೆ ತರಿಸಿ ಅಳೆಸುವ ಹಕ್ಕು ಪ್ರತಿ ಗಿರಾಕಿಗೂ ಇದೆ, ನಾವೂ ಅಳೆಸಿದೆವು, ಬಂಕು ಸರಿಯಾಗಿತ್ತು. ಒಟ್ಟಿನಲ್ಲಿ ಒಂದೇ ಟ್ಯಾಂಕಿನ ಲೆಕ್ಕದಲ್ಲಿ 2-3 ಶೇಕಡಾಕ್ಕಿಂತ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. “ಪ್ರೀಮಿಯಂ ಹಾಕಿಸಿದ ತಕ್ಷಣ ಒಂದು ಕಿಲೋಮೀಟರ್ ಜಾಸ್ತಿ ಬಂತು” ಎಂದು ಯಾರಾದರೂ ಹೇಳಿದರೆ ಎಷ್ಟು ಟ್ಯಾಂಕ್ ಅಳೆದಿರಿ ಎಂದು ಕೇಳಬೇಕಾದದ್ದು ಇದಕ್ಕೇ.

ಎಥನಾಲ್ ನಿಜವಾಗಿ ಎಷ್ಟು ತಿನ್ನುತ್ತದೆ

ಪೆಟ್ರೋಲನ್ನು ನಾವು ಲೀಟರಿನಲ್ಲಿ ಕೊಳ್ಳುತ್ತೇವೆ. ಎಂಜಿನ್ ಬಳಸುವುದು ಅದರೊಳಗಿನ ಶಾಖವನ್ನು. ಒಂದು ಲೀಟರ್ ಶುದ್ಧ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಾಖವಿದೆ. ಒಂದು ಲೀಟರ್ ಎಥನಾಲಿನಲ್ಲಿ ಇರುವುದು ಸುಮಾರು 21. ಎಥನಾಲಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಮ್ಲಜನಕವೇ ಇರುತ್ತದೆ. ಅಷ್ಟರ ಮಟ್ಟಿಗೆ ಅದು ಮೊದಲೇ ಉರಿದ ಇಂಧನ, ಹೊಸದಾಗಿ ಉರಿದು ಕೊಡುವ ಶಾಖ ಕಡಿಮೆ.

ಇದನ್ನಿಟ್ಟುಕೊಂಡು ಲೆಕ್ಕ ಹಾಕುವುದು ಸುಲಭ. 10 ಶೇಕಡಾ ಎಥನಾಲ್ ಬೆರೆತ ಇ10ರ ಒಂದು ಲೀಟರಿನಲ್ಲಿ ಸುಮಾರು 30.9 ಮೆಗಾಜೂಲ್. 20 ಶೇಕಡಾ ಬೆರೆತ ಇ20ಯಲ್ಲಿ ಸುಮಾರು 29.8. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಇ20ಯಲ್ಲಿ 6.5ರಿಂದ 7 ಶೇಕಡಾ ಕಡಿಮೆ, ಇ10ಕ್ಕೆ ಹೋಲಿಸಿದರೆ 3.5 ಶೇಕಡಾ ಕಡಿಮೆ. ಎಂಜಿನ್ನಿನ ದಕ್ಷತೆ ಬದಲಾಗದಿದ್ದರೆ ಮೈಲೇಜೂ ಅಷ್ಟೇ ಇಳಿಯಬೇಕು.

ಮಾವನ ಹಳೆಯ ಪುಟಗಳ ಕಾಲದಲ್ಲಿ ಬಂಕಿನಲ್ಲಿ ಸಿಗುತ್ತಿದ್ದದ್ದು ಇ10 ಕೂಡ ಅಲ್ಲ. 2003ರಲ್ಲಿ ಶುರುವಾದ ಮಿಶ್ರಣ ಕಾರ್ಯಕ್ರಮ ಬಹಳ ವರ್ಷ ಕುಂಟಿತು. 2013-14ರಲ್ಲಿ ದೇಶದ ಸರಾಸರಿ 1.53 ಶೇಕಡಾ, 2018-19ರ ಹೊತ್ತಿಗೆ 5 ಶೇಕಡಾ. 10 ಶೇಕಡಾ ಮುಟ್ಟಿದ್ದು 2022ರ ಜೂನ್‌ನಲ್ಲಿ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಇ20ಯನ್ನು ಬಿಡುಗಡೆ ಮಾಡಿದಾಗ ಅದು ಸಿಗುತ್ತಿದ್ದದ್ದು 11 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಮಾತ್ರ. 2030ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು 2025ಕ್ಕೆ ಎಳೆದು ತಂದದ್ದರಿಂದ ಎರಡೇ ವರ್ಷದಲ್ಲಿ ಇ20 ಎಲ್ಲ ಕಡೆಯ ಸಾಮಾನ್ಯ ಪೆಟ್ರೋಲ್ ಆಯಿತು. ಆದ್ದರಿಂದ ಮಾವನ ಹೋಲಿಕೆ ಹೆಚ್ಚುಕಡಿಮೆ ಇ5ಕ್ಕೂ ಇ20ಗೂ ನಡುವಿನದು. ಶಾಖದ ಲೆಕ್ಕದಲ್ಲಿ ಈ ವ್ಯತ್ಯಾಸ 5 ಶೇಕಡಾ. 17 ಕೊಡುತ್ತಿದ್ದ ಕಾರು 16.1 ಕೊಡಬೇಕು.

ಕಾರು ಏನು ಹೇಳುತ್ತದೆ ಎಂದು ಅದರ ಒಳಗಿನಿಂದಲೂ ನೋಡಿದೆವು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಪುಟ್ಟ ಒಬಿಡಿ ರೀಡರ್ ಈಗ ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ, ಮೊಬೈಲ್‌ನಲ್ಲಿ ಓದಬಹುದು. ಅದರಲ್ಲಿ ನೋಡಬೇಕಾದದ್ದು ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ ಎಂಬ ಸಾಲು. ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಇ20 ಬಂದಾಗ ಹಳೆಯ ಲೆಕ್ಕದಲ್ಲೇ ಇಂಧನ ಚಿಮ್ಮಿಸಿದರೆ ಸಿಲಿಂಡರಿನಲ್ಲಿ ಗಾಳಿ ಹೆಚ್ಚಾಗುತ್ತದೆ. ಸೈಲೆನ್ಸರ್ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಅದನ್ನು ಹಿಡಿದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ತಿಳಿಸುತ್ತದೆ, ಇಸಿಯು ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆದಿಡುತ್ತದೆ. ಹೀಗೆ ಹೆಚ್ಚಿಗೆ ಹಾಕುತ್ತಿರುವ ಇಂಧನವೇ ಆ ಟ್ರಿಮ್. ಮಾವನ ಕಾರಿನಲ್ಲಿ ಎಂಜಿನ್ ಬಿಸಿಯಾಗಿ ಸಮವೇಗದಲ್ಲಿ ಓಡುವಾಗ ಅದು ಪ್ಲಸ್ 4ರಿಂದ 6 ಶೇಕಡಾ ನಡುವೆ ಆಡುತ್ತಿತ್ತು. ಟ್ರಿಮ್ ಏರಲು ಗಾಳಿ ಸೋರಿಕೆ, ಸೋತ ಪಂಪು ಮುಂತಾದ ಬೇರೆ ಕಾರಣಗಳೂ ಇರಬಹುದು, ಇದೊಂದನ್ನೇ ಹಿಡಿದು ತೀರ್ಪು ಕೊಡಬಾರದು. ಆದರೆ ಕಾಗದದ ಮೇಲಿನ 5 ಶೇಕಡಾ ಲೆಕ್ಕಕ್ಕೂ ಎಂಜಿನ್ ತಾನಾಗಿ ಮಾಡಿಕೊಂಡ ತಿದ್ದುಪಡಿಗೂ ತಾಳೆಯಾಗುತ್ತಿತ್ತು. ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎನ್ನುವ ಮಿಸ್‌ಫೈರ್ ಕೋಡ್ ಯಾವುದೂ ಇರಲಿಲ್ಲ. ಗ್ಯಾರೇಜಿನವರು ಹೇಳಿದ ಇಂಜೆಕ್ಟರ್ ಕ್ಲೀನಿಂಗ್ ಬೇಕೆನ್ನಿಸುವ ಲಕ್ಷಣವೂ ಇರಲಿಲ್ಲ, ಅದನ್ನು ಅಲ್ಲಿಗೇ ಬಿಟ್ಟೆವು.

ಪೆಟ್ರೋಲನ್ನು ನೀರು ಮಾಡಿದ್ದಾರೆ ಎಂಬ ಮಾತಿಗೂ ಉತ್ತರ ಕೊಡಬೇಕು. ಬೆರೆಸುವ ಎಥನಾಲ್‌ನಿಂದ ನೀರನ್ನು ತೆಗೆದಿರುತ್ತಾರೆ. ಆದರೆ ಎಥನಾಲಿಗೆ ನೀರನ್ನು ಸೆಳೆಯುವ ಗುಣ ಇರುವುದು ನಿಜ. ಮಳೆಗಾಲದಲ್ಲಿ ಬಂಕಿನ ನೆಲದಡಿಯ ಟ್ಯಾಂಕಿಗೆ ನೀರು ಇಳಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಅಂಥದ್ದು ಕಾರಿಗೆ ಹೋದರೆ ಎಂಜಿನ್ ಜರ್ಕ್ ಹೊಡೆಯುತ್ತದೆ, ನಿಂತೇ ಹೋಗುತ್ತದೆ, ಬಂಕಿನಿಂದ ಹೊರಟ ಸ್ವಲ್ಪ ಹೊತ್ತಿಗೇ ಗೊತ್ತಾಗುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಮೈಲೇಜ್ ಇಳಿಸುವುದು ಅದರ ಲಕ್ಷಣವಲ್ಲ. ಬಂಕಿನಲ್ಲಿ ಬರೆದಿರುವ ಸಾಂದ್ರತೆ ನೋಡಿ ಸಮಾಧಾನ ಪಡುವವರಿಗೂ ಒಂದು ಮಾತು. ಎಥನಾಲ್ ಪೆಟ್ರೋಲಿಗಿಂತ ಭಾರ, ಬೆರೆಸಿದಷ್ಟೂ ಸಾಂದ್ರತೆ ಸ್ವಲ್ಪ ಏರುತ್ತದೆ, ಶಾಖ ಇಳಿಯುತ್ತದೆ. ಸಾಂದ್ರತೆಯ ಅಂಕಿ ಕಲಬೆರಕೆ ಹಿಡಿಯಲು ಒಳ್ಳೆಯ ಸಾಧನ. ಎಥನಾಲ್ ಎಷ್ಟಿದೆ, ಮೈಲೇಜ್ ಎಷ್ಟು ಬಂದೀತು ಎಂಬುದನ್ನು ಅದು ತಿಳಿಸುವುದಿಲ್ಲ.

ಬದಲಾದದ್ದು ಪೆಟ್ರೋಲ್ ಮಾತ್ರವಲ್ಲ, ರಸ್ತೆಯೂ

ಎಥನಾಲಿನ ಪಾಲು 0.9 ಕಿಲೋಮೀಟರ್ ಎಂದಾದರೆ ಇನ್ನೂ 1.6 ಉಳಿಯಿತು. ಪಾಕೆಟ್ ಪುಸ್ತಕದ ತಾರೀಕುಗಳನ್ನು ನೋಡುತ್ತ ಕೂತಾಗ ಒಂದು ವಿಷಯ ಹೊಳೆಯಿತು. ಇ20 ಬೆಂಗಳೂರಿನಲ್ಲಿ ಬಿಡುಗಡೆಯಾದ ಮುಂದಿನ ತಿಂಗಳೇ, 2023ರ ಮಾರ್ಚ್ 12ರಂದು, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮಂಡ್ಯದಲ್ಲಿ ಉದ್ಘಾಟನೆಯಾಯಿತು. ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿಗಳ ಒಳಗೆ ತೆವಳುತ್ತ ಹೋಗುತ್ತಿದ್ದ ಕಾರು ಊರುಗಳನ್ನೆಲ್ಲ ಹೊರಗಿಟ್ಟು 100ರಲ್ಲಿ ಓಡತೊಡಗಿತು. ಮಾವನಿಗೆ ಬದಲಾದದ್ದು ಪೆಟ್ರೋಲ್ ಎಂದು ಕಂಡಿತ್ತು. ಅದೇ ಹೊತ್ತಿಗೆ ಓಟದ ವೇಗವೂ ಬದಲಾಗಿತ್ತು.

ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಏರಿದ್ದು ಕಾಲು ಪಾಲು, ಗಾಳಿಯ ತಡೆ ಏರುವುದು ಅರ್ಧಕ್ಕಿಂತ ಹೆಚ್ಚು. ಐದೇ ಗೇರಿನ ಸಣ್ಣ ಎಂಜಿನ್ 100ರಲ್ಲಿ ಜೋರಾಗಿ ತಿರುಗುತ್ತಲೂ ಇರುತ್ತದೆ. ಇದನ್ನು ಊಹೆಗೆ ಬಿಡದೆ ಮೂರು ಬಗೆಯಲ್ಲಿ ಓಡಿಸಿ ಅಳೆದೆವು. ಅದಕ್ಕೆ ಮೊದಲು ಟೈರಿನ ಗಾಳಿ ನೋಡಿದರೆ ಕಂಪನಿ ಹೇಳಿದ್ದಕ್ಕಿಂತ ಆರು ಪಿಎಸ್‌ಐ ಕಡಿಮೆಯಿತ್ತು, ಅದನ್ನು ಸರಿ ಮಾಡಿಸಿದೆವು. ಟೈರ್ ಗಾಳಿ ಒಂದು ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು 0.2 ಶೇಕಡಾ ಇಳಿಯುತ್ತದೆ ಎಂಬುದು ಒಪ್ಪಿತ ಲೆಕ್ಕ. ಆ ಪ್ರಕಾರ ಇಲ್ಲಿ ಹೋಗಿದ್ದದ್ದು 1 ಶೇಕಡಾ ಚಿಲ್ಲರೆ, 0.2 ಕಿಲೋಮೀಟರಿಗಿಂತ ಹೆಚ್ಚಿಲ್ಲ.

ಹಳೆಯ ರಸ್ತೆಯಲ್ಲಿ, ಊರುಗಳ ಒಳಗೇ, ಮೊದಲಿನ ವೇಗದಲ್ಲೇ ಓಡಿಸಿದಾಗ ಇ20ಯಲ್ಲಿ ಬಂದದ್ದು 16. ಎಕ್ಸ್‌ಪ್ರೆಸ್‌ವೇಯಲ್ಲಿ ಎಡ ಲೇನ್ ಹಿಡಿದು 80ರಲ್ಲಿ ಓಡಿಸಿದಾಗ 16.8. ಅದೇ ಎಕ್ಸ್‌ಪ್ರೆಸ್‌ವೇಯಲ್ಲಿ 100ರಲ್ಲಿ ಓಡಿಸಿದಾಗ 14.7.

ಈ ಮೂರರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮೊದಲನೆಯದು. ರಸ್ತೆ, ವೇಗ ಎರಡೂ ಹಳೆಯವೇ, ಬದಲಾದದ್ದು ಪೆಟ್ರೋಲು ಮತ್ತು ಕಾರಿನ ವಯಸ್ಸು. ಅಲ್ಲಿ 17 ಇದ್ದದ್ದು 16 ಆಗಿದೆ, 6 ಶೇಕಡಾ ಇಳಿಕೆ. ಇದರಲ್ಲಿ 5 ಶೇಕಡಾವನ್ನು ಎಥನಾಲಿನ ಲೆಕ್ಕ ವಿವರಿಸುತ್ತದೆ. ಉಳಿದ 1 ಶೇಕಡಾ ಹತ್ತು ವರ್ಷದ ಎಂಜಿನ್ನಿನದೋ ನಮ್ಮ ಅಳತೆಯದೋ ಎಂದು ಬೇರ್ಪಡಿಸುವಷ್ಟು ಸೂಕ್ಷ್ಮವಾದ ಸಾಧನ ಬಂಕಿನ ನಾಝಲ್ ಅಲ್ಲ. ಮಾವನ ಆರೋಪ ಆಧಾರವಿಲ್ಲದ್ದೇನಲ್ಲ: ಅವರ ಕಾರು ಇ20ಯಿಂದ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಕಳೆದುಕೊಂಡಿದೆ. ಆದರೆ 80ಕ್ಕೂ 100ಕ್ಕೂ ನಡುವೆ ಹೋಗುತ್ತಿರುವುದು ಎರಡು ಕಿಲೋಮೀಟರ್.

ರೂಪಾಯಿಯಲ್ಲಿ ಹೇಳುವುದಾದರೆ, ವರ್ಷಕ್ಕೆ 10,000 ಕಿಲೋಮೀಟರ್ ಓಡುವ ಇಂಥ ಕಾರಿಗೆ 17ರಿಂದ 16.1ಕ್ಕೆ ಇಳಿದದ್ದು 33 ಲೀಟರ್ ಹೆಚ್ಚು ಪೆಟ್ರೋಲ್. ಲೀಟರಿಗೆ 103 ರೂಪಾಯಿಯಂತೆ ಸುಮಾರು 3,400 ರೂಪಾಯಿ. ಅಷ್ಟೂ ಕಿಲೋಮೀಟರನ್ನು 80ರ ಬದಲು 100ರಲ್ಲಿ ಓಡಿಸಿದರೆ 85 ಲೀಟರ್ ಹೆಚ್ಚು, ಸುಮಾರು 8,750 ರೂಪಾಯಿ. ಮೊದಲನೆಯದನ್ನು ತಡೆಯುವುದು ಮಾವನ ಕೈಯಲ್ಲಿಲ್ಲ. ಎರಡನೆಯದು ಅವರ ಬಲಗಾಲಿನಲ್ಲಿದೆ.

ಪ್ರೀಮಿಯಂ ಹಾಕಿಸಿದರೆ?

ಬಂಕಿನ ಹುಡುಗನ ಸಲಹೆಯನ್ನೂ ಬಿಡಲಿಲ್ಲ. 95 ಆಕ್ಟೇನ್ ಎಂದು ಮಾರುವ ಪ್ರೀಮಿಯಂ ಪೆಟ್ರೋಲನ್ನು ಹಾಕಿಸಿ ಎಕ್ಸ್‌ಪ್ರೆಸ್‌ವೇಯ 80ರ ಓಟವನ್ನೇ ಮತ್ತೆ ಓಡಿಸಿದೆವು. ಸಿಕ್ಕ ಸಂಖ್ಯೆ 16.8ರ ಆಚೀಚೆಯೇ ಇತ್ತು, ಅಳತೆಯ ತಪ್ಪಿನ ಮಿತಿಯೊಳಗೆ.

ಇದು ಹೀಗೇ ಆಗಬೇಕಿತ್ತು. ಆಕ್ಟೇನ್ ಎಂದರೆ ಪೆಟ್ರೋಲಿನ ಶಕ್ತಿ ಎಂಬ ನಂಬಿಕೆ ಎಷ್ಟು ಆಳವಾಗಿದೆ ಎಂದರೆ ವಾಹನಗಳನ್ನು ಚೆನ್ನಾಗಿ ಬಲ್ಲ ಹುಡುಗರೂ ಹಾಗೇ ಮಾತಾಡುತ್ತಾರೆ. ಆಕ್ಟೇನ್ ಅಳೆಯುವುದು ಬೇರೆಯದನ್ನು. ಸಿಲಿಂಡರಿನಲ್ಲಿ ಒತ್ತಿದಾಗ ಕಿಡಿ ಹತ್ತುವ ಮೊದಲೇ, ಅಥವಾ ಕಿಡಿಯ ಜ್ವಾಲೆ ಮುಟ್ಟುವ ಮೊದಲೇ, ಇಂಧನ ತಾನಾಗಿ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದೇ ಆಕ್ಟೇನ್. ತಡೆದುಕೊಳ್ಳದಿದ್ದರೆ ನಾಕಿಂಗ್ ಸದ್ದು ಬರುತ್ತದೆ, ಎಂಜಿನ್ನಿಗೆ ಪೆಟ್ಟಾಗುತ್ತದೆ. 91 ಆಕ್ಟೇನಿಗೆ ಅಂತಲೇ ಕಟ್ಟಿದ ಎಂಜಿನ್ 91ರಲ್ಲಿ ನಾಕ್ ಆಗದಿದ್ದರೆ 95 ಹಾಕಿ ಬಗೆಹರಿಸಬೇಕಾದ ಸಮಸ್ಯೆಯೇ ಅಲ್ಲಿಲ್ಲ.

ಇ20ಯ ವಿಷಯದಲ್ಲಿ ಇದು ಇನ್ನೂ ಸ್ವಾರಸ್ಯಕರ. ಎಥನಾಲಿನ ಶಾಖ ಕಡಿಮೆ, ಆಕ್ಟೇನ್ ಮಾತ್ರ ಬಹಳ ಹೆಚ್ಚು, 108ರ ಆಸುಪಾಸು. ಅದನ್ನು 20 ಶೇಕಡಾ ಬೆರೆಸಿದ್ದರಿಂದ ಈಗ ಸಾಮಾನ್ಯ ಪೆಟ್ರೋಲೇ 95 ಆಕ್ಟೇನ್ ಎಂದು ಸರ್ಕಾರ ಹೇಳುತ್ತಿದೆ. ಬಿಎಸ್2 ಕಾಲದಲ್ಲಿ 88 ಇತ್ತು, ಬಿಎಸ್4ರಲ್ಲಿ 91. ಅಂದರೆ ಮಾವ ಸಾದಾ ನಾಝಲಿನಿಂದ ಹಾಕಿಸುತ್ತಿರುವುದೇ ಅವರ ಎಂಜಿನ್ ಕೇಳುವುದಕ್ಕಿಂತ ಮೇಲ್ದರ್ಜೆಯದು. ಏಳೆಂಟು ರೂಪಾಯಿ ಹೆಚ್ಚು ಕೊಟ್ಟರೆ ಅದಕ್ಕೆ ತಕ್ಕಂತೆ ಮೈಲೇಜ್ 7-8 ಶೇಕಡಾ ಏರಿದರೆ ಮಾತ್ರ ಅಸಲು ಹುಟ್ಟುತ್ತದೆ. ಆ ಸಾಧ್ಯತೆ ಈ ಕಾರಿನಲ್ಲಿ ಇಲ್ಲ. ಪ್ರೀಮಿಯಂನಲ್ಲಿ ಇಂಜೆಕ್ಟರ್, ವಾಲ್ವ್ ಶುಚಿಯಾಗಿಡುವ ಸೇರ್ಪಡೆಗಳು ಹೆಚ್ಚಿರುತ್ತವೆ, ಅದೊಂದು ಪ್ರಯೋಜನ ಇದೆ. ಮೈಲೇಜಿಗೆಂದು ಮಾತ್ರ ಹಾಕಿಸಬೇಕಾಗಿಲ್ಲ.

ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತುವಿಕೆ) ಹೆಚ್ಚಿರುವ ಎಂಜಿನ್‌ಗಳ ಕಥೆ ಬೇರೆ. ಅವು ನಾಕ್ ಸೂಚನೆ ಸಿಕ್ಕಾಗ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳುತ್ತವೆ, ಆಗ ಮೈಲೇಜ್ ಇಳಿಯುತ್ತದೆ. ಹೆಚ್ಚು ಆಕ್ಟೇನ್ ಹಾಕಿದರೆ ಆ ನಷ್ಟ ತಪ್ಪುತ್ತದೆ. ಅಮೆರಿಕದ ವಾಹನ ಚಾಲಕರ ಸಂಘ ಎಎಎ 2017ರಲ್ಲಿ ಪ್ರೀಮಿಯಂ ಶಿಫಾರಸು ಮಾಡಿರುವ ಕಾರುಗಳನ್ನೇ ಆರಿಸಿ ಪರೀಕ್ಷಿಸಿದಾಗಲೂ ಸರಾಸರಿ ಲಾಭ 2.7 ಶೇಕಡಾ ಮಾತ್ರ. ಅಲ್ಲಿರುವ ನಮ್ಮವರು ಬಂಕಿನಲ್ಲಿ 87 ಎಂದು ಕಂಡು ಇದೇನು ಕಳಪೆ ಪೆಟ್ರೋಲ್ ಎಂದುಕೊಳ್ಳುವುದುಂಟು. ಅಮೆರಿಕದ ಆಕ್ಟೇನ್ ಲೆಕ್ಕದ ಕ್ರಮವೇ ಬೇರೆ, ಅವರ 87 ನಮ್ಮ 91ಕ್ಕೆ ಹೆಚ್ಚುಕಡಿಮೆ ಸಮ. ಕಾರಿನ ಮ್ಯಾನುಯಲ್‌ನಲ್ಲಿ ಏನು ಬರೆದಿದೆಯೋ ಅಷ್ಟು ಆಕ್ಟೇನ್ ಸಾಕು, ಎಲ್ಲಿದ್ದರೂ.

ಎಥನಾಲಿನ ಈ ಹೆಚ್ಚು ಆಕ್ಟೇನನ್ನು ದುಡಿಸಿಕೊಳ್ಳುವ ದಾರಿ ಇದೆ: ಎಂಜಿನ್ನಿನ ಕಂಪ್ರೆಷನ್ ಏರಿಸಿ, ಕಿಡಿಯ ಸಮಯ ಮುಂದಕ್ಕೆ ತಂದು ಕಟ್ಟಿದರೆ ಕಳೆದ ಶಾಖದ ಒಂದು ಪಾಲು ದಕ್ಷತೆಯ ರೂಪದಲ್ಲಿ ಮರಳಿ ಬರುತ್ತದೆ. 2021ರ ಜೂನ್‌ನಲ್ಲಿ ಬಂದ ನೀತಿ ಆಯೋಗದ ವರದಿಯಲ್ಲಿ ಎರಡು ಅಂದಾಜುಗಳಿರುವುದು ಇದಕ್ಕೇ. ಇ10ಕ್ಕೆ ರೂಪಿಸಿ ಇ20ಗೆ ಹೊಂದಿಸಿದ ಕಾರುಗಳಲ್ಲಿ ನಷ್ಟ 1-2 ಶೇಕಡಾ, ಶುದ್ಧ ಪೆಟ್ರೋಲಿಗೆ ರೂಪಿಸಿ ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ 6-7 ಶೇಕಡಾ. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಹಳೆಯ ವಾಹನಗಳಿಗೆ 3-6 ಶೇಕಡಾ ಎಂದಿತು. ಮಾವನ ಕಾರಿನಲ್ಲಿ ನಾವು ಕಂಡ 6 ಶೇಕಡಾ ಈ ಅಂದಾಜುಗಳಿಗೆ ಹೊಂದುತ್ತದೆ. ಇ20ಗೆ ತಾಳುವ ರಬ್ಬರು, ಕೊಳವೆಗಳಿರುವ ಕಾರುಗಳು ಬಂದದ್ದು 2023ರ ಏಪ್ರಿಲ್‌ನಿಂದ. ಅದಕ್ಕೂ ಮೊದಲು ಕೊಂಡವರು ಎಥನಾಲಿನ ಕೊರತೆಯನ್ನು ಪೂರ್ತಿ ಹೊರುತ್ತಿದ್ದಾರೆ, ಅದರ ಒಳ್ಳೆಯ ಗುಣವನ್ನು ಬಳಸಿಕೊಳ್ಳಲು ಅವರ ಎಂಜಿನ್ನಿಗೆ ಆಗುತ್ತಿಲ್ಲ.

ಸಿಎನ್‌ಜಿ ಮಾತು

ಪಕ್ಕದ ಮನೆಯವರ ವಾದ ಸರಳ: ಒಂದೇ ಮಾದರಿಯ ಸಣ್ಣ ಕಾರು ಕಂಪನಿ ಲೆಕ್ಕದಲ್ಲಿ ಪೆಟ್ರೋಲಿನಲ್ಲಿ 24, ಸಿಎನ್‌ಜಿಯಲ್ಲಿ 34 ಕೊಡುತ್ತದೆ. ಇಲ್ಲಿ 24 ಎನ್ನುವುದು ಲೀಟರಿಗೆ, 34 ಎನ್ನುವುದು ಕಿಲೋಗೆ. ಒಂದು ಕಿಲೋ ಸಿಎನ್‌ಜಿಯಲ್ಲಿರುವ ಶಾಖ ಒಂದೂವರೆ ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ ಸಮ. ಹಾಗಾಗಿ ಎಂಜಿನ್ ಹೆಚ್ಚು ದಕ್ಷವಾಗಿ ಓಡುತ್ತಿದೆ ಎಂದೇನೂ ಅಲ್ಲ. ಸಿಎನ್‌ಜಿಯಲ್ಲಿ ದುಡ್ಡು ಉಳಿಯುವುದು ದರದ ವ್ಯತ್ಯಾಸದಿಂದ. ಆದ್ದರಿಂದ ಹೋಲಿಸಬೇಕಾದದ್ದು ಕಿಲೋಮೀಟರಿಗೆ ಬೀಳುವ ರೂಪಾಯಿಯನ್ನು, ಮೈಲೇಜ್ ಸಂಖ್ಯೆಯನ್ನಲ್ಲ. ಡೀಸೆಲ್ ಕೂಡ ಹಾಗೆಯೇ. ಲೀಟರಿನಲ್ಲಿ ಪೆಟ್ರೋಲಿಗಿಂತ 12 ಶೇಕಡಾದಷ್ಟು ಹೆಚ್ಚು ಶಾಖ ಮೊದಲೇ ತುಂಬಿರುತ್ತದೆ, ಅದರ ಮೇಲೆ ಎಂಜಿನ್ನಿನ ದಕ್ಷತೆಯೂ ಸೇರುತ್ತದೆ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುವ, ಡಿಕ್ಕಿಯಲ್ಲಿ ಗೊಬ್ಬರದ ಚೀಲ ಹಾಕಿಕೊಂಡು ಬರುವ ಮಾವನಿಗೆ ಸಿಲಿಂಡರ್ ತುಂಬಿದ ಡಿಕ್ಕಿಯ ಕಾರು ಲಾಭ ತರುವುದಿಲ್ಲ ಎಂದೇ ನನ್ನ ಎಣಿಕೆ.

ಒಂದು ಕಿಲೋಮೀಟರ್ ಯಾರ ಲೆಕ್ಕಕ್ಕೆ

ಮಾವ ಕಬ್ಬು ಬೆಳೆಯುವವರು. ಕಬ್ಬಿನ ರಸದಿಂದಲೂ ಕಾಕಂಬಿಯಿಂದಲೂ ಎಥನಾಲ್ ಮಾಡುವ ಅವಕಾಶ ಸಿಕ್ಕಿದ್ದರಿಂದ ಕಾರ್ಖಾನೆಗಳ ಕೈಯಲ್ಲಿ ಹಣ ಆಡಿ, ರೈತರ ಬಾಕಿ ತೀರುವುದು ಎಷ್ಟೋ ಸುಧಾರಿಸಿತು ಎಂಬುದನ್ನು ಅವರೇ ಹೇಳುತ್ತಾರೆ. ಈಚೆಗೆ ಕಬ್ಬಿಗಿಂತ ಧಾನ್ಯದ ಎಥನಾಲ್ ಹೆಚ್ಚಾಗಿದೆ, ಅದರಲ್ಲೂ ಮೆಕ್ಕೆಜೋಳದ್ದು. ದಾವಣಗೆರೆ, ಹಾವೇರಿ ಕಡೆಯ ರೈತರಿಗೂ ಇದರಲ್ಲಿ ಪಾಲಿದೆ. ಕಚ್ಚಾ ತೈಲದ ಆಮದು ತಗ್ಗಿಸುವ ಉದ್ದೇಶವನ್ನು ನಾನೂ ಒಪ್ಪುತ್ತೇನೆ. ಎಥನಾಲ್ ಬೇಡ ಎಂಬುದು ನನ್ನ ವಾದವಲ್ಲ.

ನನ್ನ ತಕರಾರು ದರದ ಬಗ್ಗೆ. ಲೀಟರಿನಲ್ಲಿ 5 ಶೇಕಡಾ ಶಾಖ ಕಡಿಮೆಯಾದರೆ ಆ ಲೀಟರಿನ ಬೆಲೆಯಲ್ಲೂ ಅದು ಕಾಣಬೇಕು. ಇದು ನಾನು ಹೊಸದಾಗಿ ಕಂಡುಹಿಡಿದ ನ್ಯಾಯವಲ್ಲ. 2021ರ ನೀತಿ ಆಯೋಗದ ವರದಿಯೇ ಶಾಖದ ಕೊರತೆಗೆ ಪರಿಹಾರವಾಗಿ ಇಂಥ ಪೆಟ್ರೋಲನ್ನು ಸಾಮಾನ್ಯ ಪೆಟ್ರೋಲಿಗಿಂತ ಅಗ್ಗಕ್ಕೆ ಮಾರಬೇಕು ಎಂದಿತ್ತು. ಆಮೇಲೆ ಎಥನಾಲಿನ ಖರೀದಿ ದರ ಏರಿತು. 2025ರ ಜುಲೈ ಕೊನೆಗೆ ಸರಾಸರಿ 71.32 ರೂಪಾಯಿ, ಶುದ್ಧೀಕರಿಸಿದ ಪೆಟ್ರೋಲಿಗಿಂತ ದುಬಾರಿ, ಹಾಗಾಗಿ ಇಳಿಸಲಾಗದು ಎಂಬುದು ಸರ್ಕಾರದ ವಿವರಣೆ. ಆ ವಿವರಣೆ ತೈಲ ಕಂಪನಿಯ ಖರ್ಚಿಗೆ ಉತ್ತರ ಕೊಡುತ್ತದೆ. ಬಂಕಿನಲ್ಲಿ ನಿಂತವನಿಗೆ ಸಿಕ್ಕಿದ್ದೆಷ್ಟು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಎಥನಾಲ್ ರಹಿತ ಪೆಟ್ರೋಲಿನ ಆಯ್ಕೆಯೂ ಇರಲಿ ಎಂದು ಕೇಳಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಬ್ರೆಜಿಲ್ ಇದರಲ್ಲಿ ನಮಗಿಂತ ಬಹಳ ಮುಂದಿದೆ, 2025ರ ಆಗಸ್ಟ್‌ನಿಂದ ಅಲ್ಲಿನ ಪೆಟ್ರೋಲಿನಲ್ಲಿ ಎಥನಾಲ್ 30 ಶೇಕಡಾ. ಆದರೆ ಅಲ್ಲಿ 2003ರಿಂದಲೇ ಯಾವ ಮಿಶ್ರಣಕ್ಕೂ ಹೊಂದಿಕೊಳ್ಳುವ ಫ್ಲೆಕ್ಸ್ ಕಾರುಗಳಿವೆ, ಬಂಕಿನಲ್ಲಿ ಎಥನಾಲಿಗೆ ಬೇರೆಯೇ ನಾಝಲ್, ಬೇರೆಯೇ ದರ. ಎಥನಾಲಿನ ದರ ಪೆಟ್ರೋಲಿನ 70 ಶೇಕಡಾಕ್ಕಿಂತ ಕಡಿಮೆಯಿದ್ದರೆ ಎಥನಾಲ್, ಹೆಚ್ಚಿದ್ದರೆ ಪೆಟ್ರೋಲ್ ಎಂದು ಅಲ್ಲಿನ ಚಾಲಕರು ಬೋರ್ಡು ನೋಡಿಯೇ ನಿರ್ಧರಿಸುತ್ತಾರೆ. ಆ 70 ಶಾಖದ ವ್ಯತ್ಯಾಸದಿಂದಲೇ ಬಂದ ಸಂಖ್ಯೆ. ನಮ್ಮ ಬಂಕುಗಳಲ್ಲೂ ಪ್ರತಿ ನಾಝಲಿನ ಮೇಲೆ ಎಥನಾಲ್ ಶೇಕಡಾ ಎಷ್ಟು ಎಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದಿರಬೇಕು, ದರ ಅದಕ್ಕೆ ಹೊಂದಿರಬೇಕು. ಇಷ್ಟಾದರೆ ಮಾವನಂಥವರು ಕಳೆದ ಕಿಲೋಮೀಟರಿಗಾಗಿ ಗ್ಯಾರೇಜಿನಲ್ಲಿ ಬೇಡದ ಕೆಲಸಕ್ಕೆ ದುಡ್ಡು ಸುರಿಯುವುದು ತಪ್ಪುತ್ತದೆ.

“ನಮ್ ಕಬ್ಬು ನಮ್ ಕಾರ್ಗೇ ಕಮ್ಮಿ ಕೊಡ್ತದೆ ಅಂದ್ರೆ ಸರಿ, ಒಪ್ಕತೀನಿ. ಕಮ್ಮಿ ಕೊಡಾದ್ಕೆ ಕಮ್ಮಿ ಕಾಸು ಇಸ್ಕಬೇಕಲ್ವಾ?” ಎಂದರು ಮಾವ. ಇದಕ್ಕೆ ನನ್ನ ಹತ್ತಿರ ಎದುರುತ್ತರ ಇಲ್ಲ.

ಈಗ ಕಾರಿಗೆ ಸಾದಾ ಪೆಟ್ರೋಲೇ. ಎಕ್ಸ್‌ಪ್ರೆಸ್‌ವೇಯಲ್ಲಿ 80-85, ತಿಂಗಳಿಗೊಮ್ಮೆ ಟೈರ್ ಗಾಳಿ. ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಇ20 ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಸಚಿವಾಲಯವೇ ಹೇಳಿರುವುದರಿಂದ ಪೆಟ್ರೋಲ್ ಕೊಳವೆಗಳನ್ನು ಪ್ರತಿ ಸರ್ವಿಸ್‌ನಲ್ಲೂ ಮುಟ್ಟಿ ನೋಡಿಸಬೇಕು, ಪೆಟ್ರೋಲ್ ವಾಸನೆ ಬಂದರೆ ತಡಮಾಡಬಾರದು ಎಂದು ಹೇಳಿದ್ದೇನೆ. ಪಾಕೆಟ್ ಪುಸ್ತಕದಲ್ಲಿ “2000” ಹೋಗಿ ಮತ್ತೆ ಲೀಟರ್ ಲೆಕ್ಕ ಶುರುವಾಗಿದೆ, ಜೊತೆಗೆ ಐದನೆಯ ಕಾಲಂ ಒಂದು ಸೇರಿದೆ: ಯಾವ ರಸ್ತೆ, ಎಷ್ಟು ವೇಗ.